ಮೇಷ್ಟ್ರ ಗಿಡವೂ ಶೇಜಿಯವರ ಮೇಕೆಯೂ

ಮಲೂಸಿ ಮೇಷ್ಟ್ರು ಶುಕ್ರವಾರವೇ ಗಿಡ ಕೊಯ್ದುಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವರು ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿದವರು. ಪುಸ್ತಕ ಹೇಳಿದ ದಿನಕ್ಕಿಂತ ಮುಂಚೆ ಯಾವ ಕೆಲಸವನ್ನೂ ಮಾಡಿದವರಲ್ಲ. ಶುಕ್ರವಾರ ಸಂಜೆ ಭೂತಗನ್ನಡಿ ಹಿಡಿದು ಗಾಂಜಾ ಹೂವಿನ ಮೇಲಿನ ಅಂಟಿನ ಹನಿಗಳನ್ನು ಒಂದೊಂದಾಗಿ ನೋಡಿದರು. ಹನಿಗಳು ಹಾಲಿನ ಬಣ್ಣಕ್ಕೆ ತಿರುಗಿದ್ದವು. ಆದರೂ ಅಲ್ಲೊಂದು ಇಲ್ಲೊಂದು ಇನ್ನೂ ನೀರಿನ ಹಾಗೆ ತಿಳಿಯಾಗಿತ್ತು. ಮೊಬೈಲಿನಲ್ಲಿ ಅವರಿಗೆ ಪಾಠ ಹೇಳುತ್ತಿದ್ದ ಕೇಪ್‌ಟೌನಿನ ಬರಿಗಾಲಿನ ಗುರು, ತಿಳಿಹನಿ ಒಂದೂ ಉಳಿಯಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದ್ದ. ಶನಿವಾರ ಸಂಜೆ ಕೊಯ್ದರಾಯಿತು ಎಂದುಕೊಂಡು ಮೇಷ್ಟ್ರು ಕತ್ತರಿಯನ್ನು ಮತ್ತೆ ಮೊಳೆಗೆ ನೇತುಹಾಕಿದರು.

ಅದು ಅವರ ಮೂರನೆಯ ಗಿಡ. ಮನೆಯ ಮಟ್ಟಿಗೆ ಬೆಳೆದುಕೊಳ್ಳಬಹುದು ಎಂದು ದಕ್ಷಿಣ ಆಫ್ರಿಕಾದ ಕೋರ್ಟು ಹೇಳಿದ ಮೇಲೆ ಮರಿಟ್ಜ್‌ಬರ್ಗಿನ ನಮ್ಮ ಇಂಬಾಲಿ ಬಡಾವಣೆಯಲ್ಲಿ ಹಿತ್ತಿಲಿಗೊಂದು ಗಿಡ ಎದ್ದಿತ್ತು. ಉಳಿದವರು ಬೀಜ ಎಸೆದು ಮರೆತುಬಿಟ್ಟರೆ, ಮೇಷ್ಟ್ರು ನಿವೃತ್ತಿಯ ಮೊದಲ ವಾರವೇ ಹೊಸ ನೋಟುಬುಕ್ಕು ತಂದು ಅದನ್ನೊಂದು ವಿದ್ಯೆಯಾಗಿ ಕಲಿಯಲು ಕೂತರು. ಎಲ್ಲವೂ ಸಾವಯವ ಆಗಬೇಕು, ಒಂದು ಚಿಟಿಕೆ ಅಂಗಡಿ ಗೊಬ್ಬರ ಸೋಕಬಾರದು ಎಂಬುದು ಅವರ ವ್ರತ. ಮೊದಲನೆಯದು ಯಾವ ಕೆಲಸಕ್ಕೂ ಬಾರದ ಗಂಡುಗಿಡ ಆಯಿತು. ಎರಡನೆಯದಕ್ಕೆ ಮೀನಿನ ತಲೆ ಕೊಳೆಸಿದ ನೀರು ಹಾಕಿದರು. ಬೀದಿಯ ಬೆಕ್ಕುಗಳೆಲ್ಲ ಸಭೆ ಸೇರಿ ಗಿಡವನ್ನು ಬುಡಸಮೇತ ಕೆದರಿ ಹಾಕಿದವು. ಮೂರನೆಯದನ್ನು ದೊಡ್ಡ ಕುಂಡದಲ್ಲಿಟ್ಟು, ಬಾಳೆಸಿಪ್ಪೆಯ ಕಷಾಯ, ಮೊಟ್ಟೆಚಿಪ್ಪಿನ ಪುಡಿ, ಎರೆಗೊಬ್ಬರ ಹಾಕಿ ನಾಲ್ಕೂವರೆ ತಿಂಗಳು ಸಾಕಿದರು. ನಮ್ಮಲ್ಲಿ ನಡುಬೇಸಿಗೆಯಾದ ಜನವರಿಯ ಬಿಸಿಲು ತಡೆಯಲಾರವೆಂದು ಎರೆಹುಳುಗಳ ಪೆಟ್ಟಿಗೆಯನ್ನು ಅಡುಗೆಮನೆಯೊಳಗೆ ತಂದಾಗ ಅವರ ಹೆಂಡತಿ ಮಾಗುಮೇಡೆ, ಕಿರಿ ಹೆಂಡತಿಯನ್ನು ತಂದುಕೊಂಡದ್ದು ಸಾಲದೆ ಅವಳ ತವರಿನವರನ್ನೂ ಒಳಗೆ ಕರೆದಿರಾ ಎಂದು ಕೇಳಿದ್ದರು. ಗಿಡಕ್ಕೆ ಆಕೆ ಇಟ್ಟಿದ್ದ ಹೆಸರೇ ಕಿರಿ ಹೆಂಡತಿ.

ಮೇಷ್ಟ್ರಿಗೆ ದೊಡ್ಡ ಆಸೆಯೇನೂ ಇರಲಿಲ್ಲ. ತಾನೇ ಬೆಳೆದದ್ದನ್ನು ತಾನೇ ಒಣಗಿಸಿ, ಹಿತ್ತಿಲ ಕುರ್ಚಿಯಲ್ಲಿ ಕೂತು, ಒಂದೇ ಒಂದು ಸಲ ಪೈಪಿಗೆ ತುಂಬಬೇಕು. ಜನ್ಮದಲ್ಲಿ ಒಂದಾದರೂ ಬೆಳೆ ತನ್ನ ಕೈ ಹಿಡಿಯಿತು ಎನಿಸಬೇಕು. ಅಷ್ಟೇ.

ಶನಿವಾರ ಬೆಳಿಗ್ಗೆ ಏಳಕ್ಕೆ ಪಕ್ಕದ ಮನೆಯ ಶೇಜಿ ಗೋಡೆಯ ಮೇಲಿಂದ ತಲೆ ಹಾಕಿದರು. ಅವರ ಮಗಳು ತಬೀಲೆಯ ಕೂಸನ್ನು ವಂಶದ ತೀರಿಹೋದ ಹಿರಿಯರಿಗೆ ಒಪ್ಪಿಸುವ ದಿನ ಅದು. ಕಾರ್ಯ ನಡೆಸಲು ಎಮ್ಸಿಂಗಾದ ಹಳ್ಳಿಯಿಂದ ಶೇಜಿಯ ದೊಡ್ಡಜ್ಜ ಸಿಗನಂದಾ ನಸುಕಿನಲ್ಲೇ ಬಂದಿಳಿದಿದ್ದರು, ಕಾರ್ಯಕ್ಕೆ ಬಲಿ ಕೊಡುವ ಬಿಳಿ ಮೇಕೆಯೂ ಅವರ ಜೊತೆಗೇ ಬಂದಿತ್ತು. ಶೇಜಿಯ ಅಂಗಳದಲ್ಲಿ ಶಾಮಿಯಾನ, ಮೂರುಕಾಲಿನ ಹಂಡೆಗಳು, ನೆಂಟರು, ನೆಂಟರ ನಾಯಿಗಳು ತುಂಬಿ ಕಾಲಿಡಲು ಜಾಗವಿರಲಿಲ್ಲ. ಹತ್ತು ಗಂಟೆಯವರೆಗೆ ಮೇಕೆ ನಿಮ್ಮ ಹಿತ್ತಿಲಲ್ಲಿ ಇರಲಿ ಎಂದರು ಶೇಜಿ. ಒಳ್ಳೆ ಕೆಲಸಕ್ಕೆ ಕೇಳಿದಾಗ ಇಲ್ಲವೆನ್ನುವುದು ಹೇಗೆ? ಮೇಷ್ಟ್ರು ಮೇಕೆಯನ್ನು ಗಿಡದಿಂದ ದೂರ, ಬಟ್ಟೆ ಒಣಹಾಕುವ ಕಂಬಕ್ಕೆ ಕಟ್ಟಿದರು. ಗಂಟು ಹೇಗೆ ಹಾಕಬೇಕೆಂದು ಅವರು ಯಾರನ್ನೂ ಕೇಳಲಿಲ್ಲ. ಊರಲ್ಲಿ ಚಿಕ್ಕಂದಿನಲ್ಲಿ ದನ ಕಾಯದೆ ಓದಿನಲ್ಲೇ ಮುಳುಗಿದ್ದವರೆಂದು ಒಪ್ಪಿಕೊಳ್ಳಲು ಅವರಿಗೆ ಮೊದಲಿಂದಲೂ ನಾಚಿಕೆ.

ಆಮೇಲೆ ಶಾಮಿಯಾನದ ಗೂಟ ಹಿಡಿಯಲು ಕರೆ ಬಂತು. ಗೂಟ ಹಿಡಿದದ್ದಾಯಿತು, ಹಂಡೆ ಎತ್ತಿದ್ದಾಯಿತು, ಕುರ್ಚಿಗಳನ್ನು ಹೇಗೆ ಸಾಲಾಗಿ ಇಡಬೇಕೆಂದು ಹತ್ತು ಜನಕ್ಕೆ ಪಾಠ ಹೇಳಿದ್ದೂ ಆಯಿತು. ಒಂಬತ್ತೂವರೆಗೆ ಮನೆಗೆ ಬಂದು ಹಿತ್ತಿಲ ಬಾಗಿಲು ತೆಗೆದರು.

ಹಗ್ಗ ಕಂಬದಲ್ಲೇ ಇತ್ತು. ಮೇಕೆ ಗಿಡದ ಬುಡದಲ್ಲಿ ಕಾಲು ಮಡಚಿ ಕೂತು ನಿಧಾನವಾಗಿ ಮೆಲುಕು ಹಾಕುತ್ತಿತ್ತು. ಸುತ್ತ ಬೆಳೆಸಿದ್ದ ಹುರುಳಿ ಬಳ್ಳಿ ಇಲ್ಲ, ಬಟ್ಟೆ ಸೋಪಿನ ಅರ್ಧ ತುಂಡು ಇಲ್ಲ, ಮಾಗುಮೇಡೆಯ ಒಂದು ಕಾಲುಚೀಲ ಇಲ್ಲ. ಗಿಡದ ಮೇಲಿನ ಹೂಗೊಂಚಲುಗಳೆಲ್ಲ, ಹಾಲುಹನಿ ತಿಳಿಹನಿ ಎಂಬ ಭೇದವಿಲ್ಲದೆ, ಒಳಗೆ ಸೇರಿದ್ದವು. ಕೆಳಗಿನ ಎರಡು ಕೊಂಬೆ ಮಾತ್ರ ಉಳಿದಿದ್ದವು. ಮೇಕೆ ಮೇಷ್ಟ್ರನ್ನು ಹಳೆಯ ಸ್ನೇಹಿತನನ್ನು ಕಂಡಂತೆ ನೋಡಿತು.

ಮೇಷ್ಟ್ರು ಕುಂಡದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಅಳು ಬಂತು, ಆದರೆ ಐವತ್ತೊಂಬತ್ತರ ವಯಸ್ಸಿನಲ್ಲಿ ಗಾಂಜಾ ಗಿಡಕ್ಕಾಗಿ ಅಳುವುದನ್ನು ಹೆಂಡತಿ ನೋಡಿದರೆ ಜೀವನಪೂರ್ತಿ ಹೇಳಿಕೊಂಡು ನಗುತ್ತಾಳೆ ಎಂದು ತಡೆದುಕೊಂಡರು. ಎರಡು ಕೊಂಬೆಯಲ್ಲಿ ಒಂದು ಪೈಪಿಗಾಗುವಷ್ಟು ಹೂವಿತ್ತು. ಅಷ್ಟಾದರೂ ಉಳಿಯಿತಲ್ಲ. ಕುಂಡವನ್ನು ಎಳೆದು ಸ್ನಾನದ ಮನೆಯೊಳಗಿಟ್ಟು ಬೀಗ ಹಾಕಿದರು. ಯಾರಿಗೂ ಏನೂ ಹೇಳುವುದು ಬೇಡ, ಸಂಜೆ ಸುಮ್ಮನೆ ಕೊಯ್ದುಕೊಂಡರಾಯಿತು ಎಂದು ತೀರ್ಮಾನಿಸಿ ಮೇಕೆಯನ್ನು ಎಬ್ಬಿಸಿದರು. ಅದು ಎದ್ದು, ಅವರ ತೊಡೆಗೆ ತಲೆ ಒರಗಿಸಿಕೊಂಡೇ ಪಕ್ಕದ ಮನೆಗೆ ನಡೆಯಿತು. ಎಂಥ ಸಾಧುಪ್ರಾಣಿ ಎಂದು ನೆಂಟರೆಲ್ಲ ಮೆಚ್ಚಿಕೊಂಡರು.

ಅಂಗಳದ ದುಂಡುಮನೆಯಲ್ಲಿ, ಹಿರಿಯರನ್ನು ಕರೆಯಲು ಸುಡುವ ಇಂಪೆಫೊ ಸೊಪ್ಪಿನ ಹೊಗೆ ಎದ್ದಿತು. ಸಿಗನಂದಾ ಅಜ್ಜ ಶೇಜಿ ವಂಶದ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದು, ಈ ಕೂಸು ನಿಮ್ಮದು, ಕಾಪಾಡಿ ಎಂದು ಒಪ್ಪಿಸಿದರು. ಕೊನೆಗೆ ಭರ್ಜಿಯ ತುದಿಯಿಂದ ಮೇಕೆಯ ಪಕ್ಕೆಗೆ ಮೆಲ್ಲಗೆ ತಿವಿದರು. ಈಗ ಮೇಕೆ ಅರಚಬೇಕು. ಅರಚಿದರೆ ಹಿರಿಯರು ಕೇಳಿಸಿಕೊಂಡರು, ಕೂಸನ್ನು ಒಪ್ಪಿದರು ಎಂದರ್ಥ. ಹೆಂಗಸರು ನಾಲಿಗೆ ಕುಣಿಸಿ ಸಂತೋಷದ ಉಲಿ ಹಾಕಲು ಬಾಯಿ ತೆರೆದು ನಿಂತಿದ್ದರು.

ಮೇಕೆ ಅರಚಲಿಲ್ಲ. ಅಜ್ಜ ಇನ್ನೊಮ್ಮೆ ತಿವಿದರು. ಮೇಕೆ ಕಣ್ಣು ಅರ್ಧ ಮುಚ್ಚಿ ಅಜ್ಜನ ಮೊಣಕಾಲಿಗೆ ಗಲ್ಲ ಉಜ್ಜಿತು. ಮೂರನೇ ಸಲ ತಿವಿದಾಗ ಆಕಳಿಸಿತು.

ಜನ ಗುಸುಗುಸು ಶುರುಮಾಡಿದರು. ಹುಟ್ಟುಮೂಕ ಇರಬೇಕೆಂದರು ಕೆಲವರು. ಅದನ್ನು ಬಕ್ಕಿ ಗಾಡಿಯ ಹಿಂಬದಿಯಲ್ಲಿ ತಂದಿದ್ದ ಶೇಜಿಯ ಅಣ್ಣನ ಮಗ, ಎಂಥ ಮೂಕ, ಅರ್ಧ ದಾರಿ ಕಿವಿ ಕಿತ್ತುಹೋಗುವ ಹಾಗೆ ಅರಚಿದೆ, ಆಮೇಲೆ ತಾನಾಗಿ ಸುಮ್ಮನಾಯಿತು ಎಂದ. ಅಂದರೆ ಇದು ಹಿರಿಯರ ಮುನಿಸೇ ಸರಿ. ಮನಸ್ಸಿನಲ್ಲಿ ಕಹಿ ಇಟ್ಟುಕೊಂಡವರು ಯಾರಾದರೂ ಇದ್ದರೆ ಬಾಯಿ ಬಿಡಲಿ ಎಂದು ಅಜ್ಜ ಗಂಭೀರವಾಗಿ ಹೇಳಿದರು. ಹೇಳುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ.

ಮೊದಲು ಬಾಯಿ ಬಿಟ್ಟವರು ಶೇಜಿಯ ತಮ್ಮ. ಅಣ್ಣನ ಮನೆಯ ಹೊಸ ಬಣ್ಣ ಆಸ್ಪತ್ರೆಯ ಹಾಗಿದೆ ಎಂದು ಊರೆಲ್ಲ ಹೇಳಿಕೊಂಡು ಬಂದದ್ದನ್ನು ಒಪ್ಪಿಕೊಂಡರು. ಮೇಕೆ ಸುಮ್ಮನಿತ್ತು. ಶೇಜಿಯ ಹೆಂಡತಿ, ಮನೆಯಲ್ಲಿ ಕಾಯಿಸಿದ ಜೋಳದ ಹೆಂಡ ಸಾಲದೆಂದು ಅಂಗಡಿಯದನ್ನು ಬೆರೆಸಿದ್ದೇನೆ ಎಂದು ಕಣ್ಣೀರು ಹಾಕಿದರು. ಮೇಕೆಗೆ ಅದೂ ತಟ್ಟಲಿಲ್ಲ. ಎದುರುಮನೆಯ ಮಾಝೊಂಡಿಯಂತೂ, ಈಸ್ಟರಿನಿಂದ ಶೇಜಿಯವರು ಹುಡುಕುತ್ತಿರುವ ಹಂಡೆ ತನ್ನ ಮಂಚದ ಕೆಳಗಿದೆ ಎಂದರು. ಮಾಗುಮೇಡೆ ಗಂಡನ ಕಡೆ ನೋಡಿ, ನಮ್ಮ ಪುಣ್ಯ, ನಮ್ಮದು ಅಂಥದ್ದೇನೂ ಇಲ್ಲ ಎಂದು ಪಿಸುಗುಟ್ಟಿದರು. ಮೇಷ್ಟ್ರು ಬೆವರೊರೆಸಿಕೊಂಡರು.

ಅಷ್ಟರಲ್ಲಿ ತಬೀಲೆ ಕೂಸನ್ನು ಎದೆಗವಚಿಕೊಂಡು ಎದ್ದು ನಿಂತಳು. ಅವಳು ಮೇಷ್ಟ್ರ ಶಾಲೆಯಲ್ಲೇ ಓದಿದವಳು, ಭೂಪಟದಲ್ಲಿ ನದಿಗಳನ್ನು ಗುರುತಿಸುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ.

"ಯಾರದೂ ತಪ್ಪಲ್ಲ, ಅಜ್ಜ," ಅಂದಳು. "ಮದುವೆಗೆ ಮುಂಚೆ ಹೆತ್ತೆ ನಾನು. ಹಿರಿಯರಿಗೆ ನನ್ನ ಮಗು ಬೇಡ. ಅಷ್ಟೇ ತಾನೆ?"

ಮೇಷ್ಟ್ರಿಗೆ ಸ್ನಾನದ ಮನೆಯ ಎರಡು ಕೊಂಬೆ ಕಣ್ಣಮುಂದೆ ಬಂದವು. ಒಂದು ಪೈಪು. ನಾಲ್ಕೂವರೆ ತಿಂಗಳಿಗೆ ಒಂದೇ ಒಂದು ಪೈಪು. ಬಾಯಿ ಬಿಟ್ಟರೆ ಅದೂ ಹೋಗುತ್ತದೆ, ಮಾನವೂ ಹೋಗುತ್ತದೆ. ಆದರೆ ಹುಡುಗಿಯ ಮುಖ ನೋಡಲಾಗಲಿಲ್ಲ. ಅವರ ಕಾಲುಗಳು ತಾವಾಗಿ ಎದ್ದು ನಿಂತವು.

"ಮಗು ಬೇಡ ಅಂತಲ್ಲಮ್ಮ," ಅಂದರು ಮೇಷ್ಟ್ರು. "ಮೇಕೆ ನನ್ನ ಗಾಂಜಾ ಗಿಡ ತಿಂದಿದೆ. ಅದಕ್ಕೇ ಅರಚ್ತಾ ಇಲ್ಲ. ಗಂಟು ಹಾಕಿದ್ದು ನಾನೇ."

ಅಂಗಳದಲ್ಲಿ ನಗು ಎದ್ದಿತು. ಯಾರೂ ನಂಬಲಿಲ್ಲ. ಮೇಷ್ಟ್ರು ಹುಡುಗಿಯನ್ನು ಸಮಾಧಾನ ಮಾಡಲು ಕತೆ ಕಟ್ಟುತ್ತಿದ್ದಾರೆ ಎಂದರು ಒಬ್ಬರು.

"ಮೇಷ್ಟ್ರೇ, ನಿಮ್ಮ ಕೈಯಲ್ಲಿ ಕಳೆಯೂ ಬೆಳೆಯಲ್ಲ ಅಂತ ಬೀದಿಗೆಲ್ಲ ಗೊತ್ತು," ಅಂದರು ಶೇಜಿ.

ಬೇರೆ ಯಾವ ಮಾತು ಅಂದಿದ್ದರೂ ಮೇಷ್ಟ್ರು ಸಹಿಸುತ್ತಿದ್ದರು. ನೇರ ಮನೆಗೆ ಹೋಗಿ, ಸ್ನಾನದ ಮನೆಯ ಬೀಗ ತೆಗೆದು, ಕುಂಡವನ್ನು ಎರಡು ತೋಳಲ್ಲೂ ತಬ್ಬಿ ಹೊತ್ತು ತಂದರು. ನೋಡಿ, ಇದು ನಾನೇ ಬೆಳೆದದ್ದು, ಸಾವಯವ, ಎಂದು ಕುಂಡವನ್ನು ದುಂಡುಮನೆಯ ಬಾಗಿಲಲ್ಲಿ ಇಳಿಸಿದರು.

ಗಿಡವನ್ನು ಕಂಡದ್ದೇ ತಡ, ಮೇಕೆ ಕತ್ತು ಚಾಚಿತು. ಕಿವಿ ನಿಮಿರಿಸಿತು. ಮುಂದಕ್ಕೆ ಜಗ್ಗಿತು, ಹಗ್ಗ ಬಿಡಲಿಲ್ಲ. ಆಗ ಇಂಬಾಲಿಯ ಕೊನೆಯ ಬಸ್‌ಸ್ಟಾಪಿಗೂ ಕೇಳುವಂತೆ ಅರಚಿತು. ಒಮ್ಮೆಯಲ್ಲ, ಮೂರು ಸಲ ಅರಚಿತು.

ಹೆಂಗಸರ ಉಲಿ ಮುಗಿಲು ಮುಟ್ಟಿತು. ತಬೀಲೆ ಅತ್ತಳು, ನಕ್ಕಳು, ಕೂಸೂ ಎಚ್ಚರವಾಗಿ ತಾನೂ ಅರಚಿತು. ಮೇಕೆ ಇನ್ನೆರಡು ಕೊಂಬೆಗಾಗಿ ಕೂಗುತ್ತಿದೆ ಎಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅದನ್ನು ಹೇಳಲು ಅವರಿಗೆ ಯಾರೂ ಬಿಡುವು ಕೊಡಲಿಲ್ಲ. ಸಿಗನಂದಾ ಅಜ್ಜ ಕೈಯೆತ್ತಿ, ಹಿರಿಯರ ಇಂಗಿತ ಈಗ ತಿಳಿಯಿತು ಎಂದರು. ಹೆಂಡ ಇಟ್ಟೆವು, ನಶ್ಯ ಇಟ್ಟೆವು, ಆದರೆ ನಮ್ಮ ಮುತ್ತಜ್ಜ ಪೈಪು ಇಲ್ಲದೆ ಒಂದು ದಿನವೂ ಕೂತವನಲ್ಲ, ಅದನ್ನು ಮರೆತೆವು. ಅವನು ಪಕ್ಕದ ಹಿತ್ತಿಲಿಂದ ತನ್ನ ಪಾಲು ಕೇಳಿದ್ದಾನೆ. ಹೀಗೆ ಹೇಳಿ ಕುಂಡವನ್ನು ಒಳಗೆ, ಗೋಡೆಯ ಬದಿಯ ಹಿರಿಯರ ಜಾಗದಲ್ಲಿ ಇರಿಸಿದರು. ಮೇಷ್ಟ್ರು ಒಂದು ಕೊಂಬೆಯನ್ನಾದರೂ, ಎಂದು ಶುರುಮಾಡಿದರು. ಮಾಗುಮೇಡೆ ಅವರ ಅಂಗಿ ಹಿಡಿದು ಕೂರಿಸಿದರು.

ಮೇಕೆಯ ಬಲಿ ಮುಗಿದು ಮಧ್ಯಾಹ್ನ ಊಟ ಜೋರಾಗಿ ನಡೆಯಿತು. ಮುತ್ತಜ್ಜನ ಪರವಾಗಿ ನಾಲ್ವರು ಮುದುಕರು ಎರಡೂ ಕೊಂಬೆಯ ಹೂವನ್ನು ಬಿಸಿ ಹಂಡೆಯ ಮುಚ್ಚಳದ ಮೇಲೆ ಒಣಗಿಸಿ, ಪೈಪಿಗೆ ತುಂಬಿ, ಕಣ್ಣು ಮುಚ್ಚಿ ಸೇದಿದರು. ಎದೆಯೊಳಗೆ ತಣ್ಣಗೆ ನೀರು ಹರಿದ ಹಾಗಾಯಿತು ಎಂದರು ಒಬ್ಬರು. ಸತ್ತ ಅಪ್ಪನ ದನಿ ಕೇಳಿಸಿತು ಎಂದರು ಇನ್ನೊಬ್ಬರು. ಕಳೆಯೂ ಬೆಳೆಯಲ್ಲ ಎಂದಿದ್ದ ಶೇಜಿ ಬಂದು ಕೈಹಿಡಿದು ತಪ್ಪಾಯಿತೆಂದರು. ಬಾಳೆಸಿಪ್ಪೆಯ ಕಷಾಯ ಹೇಗೆ ಮಾಡುವುದೆಂದು ಆರು ಜನ ಕೇಳಿ ಬರೆದುಕೊಂಡರು. ಪೈಪು ಸಿಗದಿದ್ದರೂ ಮೇಷ್ಟ್ರ ಮನಸ್ಸು ತುಂಬಿತು. ಇಷ್ಟು ಶ್ರದ್ಧೆಯಿಂದ ಅವರ ಪಾಠ ಕೇಳಿದ ಮಕ್ಕಳು ಮೂವತ್ತೊಂದು ವರ್ಷದಲ್ಲಿ ಸಿಕ್ಕಿರಲಿಲ್ಲ.

ಆಗ ಸಿಗನಂದಾ ಅಜ್ಜ ಅವರನ್ನು ಶಾಮಿಯಾನದ ಹಿಂದೆ ಕರೆದರು.

"ಮಗಾ, ನಿನ್ನ ಗಿಡ ತಿಂದು ಮೇಕೆ ಮೂಕ ಆಗಿದ್ದಲ್ಲ," ಅಂದರು ಮೆಲ್ಲಗೆ. "ಗಾಡಿ ಹಿಂದೆ ನನ್ನ ಕಿವಿ ಪಕ್ಕದಲ್ಲೇ ಅರಚ್ತಾ ಇತ್ತು. ಟುಗೇಲಾ ಹೊಳೆ ದಾಟೋ ಹೊತ್ತಿಗೆ ತಡೀಲಾರದೆ, ನನ್ನ ಚೀಲದಲ್ಲಿದ್ದ ಗಾಂಜಾನ ಒಂದು ಹಿಡಿ ತಿನ್ನಿಸಿಬಿಟ್ಟೆ. ನಮ್ಮ ಕೊಟ್ಟಿಗೆ ಹಿಂದೆ ಬೆಳೆದದ್ದು. ಅದು ಒಳಗೆ ಹೋದ್ರೆ ಹಸಿವು ಕೆರಳುತ್ತೆ, ನಿಂಗೊತ್ತಲ್ಲ. ಅದಕ್ಕೇ ನಿನ್ನ ಹಿತ್ತಿಲೆಲ್ಲ ಮೇಯ್ತು."

ತಾನು ಬಾಯಿ ಬಿಡದೆ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದು ಮೇಷ್ಟ್ರು ಕೇಳಿದರು. ಇನ್ನೊಂದು ಗಂಟೆಯಲ್ಲಿ ತಾನಾಗಿ ಅರಚುತ್ತಿತ್ತು ಎಂದರು ಅಜ್ಜ. ಹಾಗಾದರೆ ನನ್ನ ಗಿಡ? ಅಜ್ಜನೂ ಅದನ್ನು ಸೇದಿದ್ದವರೇ.

"ಘಮ ಚೆನ್ನಾಗಿದೆ, ಮಗಾ," ಅಂದರು. "ಉಳಿದಂತೆ ಸಾರಿಗೆ ಹಾಕೋ ಸೊಪ್ಪು."

ಈಗಲೇ ಹೋಗಿ ಎಲ್ಲರಿಗೂ ಹೇಳುತ್ತೇನೆ ಎಂದು ಮೇಷ್ಟ್ರು ತಿರುಗಿದರು. ಅಜ್ಜ ತಡೆಯಲಿಲ್ಲ. ಶಾಮಿಯಾನದ ಸಂದಿಯಿಂದ ತಬೀಲೆ ಕಾಣುತ್ತಿದ್ದಳು. ಹಿರಿಯರು ಒಪ್ಪಿದ ಗುರುತಾಗಿ ಕೂಸಿನ ಪುಟ್ಟ ಕೈಗೆ ಮೇಕೆಯ ಬಿಳಿ ಚರ್ಮದ ಬಳೆ ತೊಡಿಸಿ, ಬಂದವರಿಗೆಲ್ಲ ತೋರಿಸುತ್ತಿದ್ದಳು. ಬೆಳಿಗ್ಗೆಯ ಅಳು ಮುಖದಲ್ಲಿ ಲವಲೇಶವೂ ಇರಲಿಲ್ಲ. ಮೇಷ್ಟ್ರು ಅಲ್ಲೇ ನಿಂತರು. ಹೇಳಬೇಕಾದ ಮಾತನ್ನು ನುಂಗಿಕೊಂಡರು, ಮತ್ತು ಹಾಗೆ ನುಂಗಿಕೊಂಡದ್ದಕ್ಕೆ ಅವರಿಗೆ ಒಳಗೊಳಗೇ ಸಂತೋಷವೂ ಆಯಿತು.

ಅಷ್ಟರಲ್ಲಿ ಶೇಜಿ ಹುಡುಕಿಕೊಂಡು ಬಂದರು. ಡಿಸೆಂಬರಿನಲ್ಲಿ ಅವರ ತಂಗಿಯ ಮನೆಯಲ್ಲೂ ಇದೇ ಕಾರ್ಯವಂತೆ, ಅಲ್ಲಿಗೂ ಮೇಷ್ಟ್ರ ಗಿಡವೇ ಬೇಕಂತೆ. ಹಾಗಾದರೆ ಆಗಸ್ಟಿನಲ್ಲಿ ಬೀಜ ಊರಬೇಕು ಎಂದು ಮೇಷ್ಟ್ರು ಅಭ್ಯಾಸಬಲದಿಂದ ಪಾಠ ಶುರುಮಾಡಿದರು. ಈ ಸಲ ಒಂದರ ಬದಲು ಎರಡು ಬೆಳೆದರೆ ತನಗೂ ಒಂದು ಉಳಿಯುತ್ತದೆ ಎಂಬ ಲೆಕ್ಕ ಅವರ ತಲೆಯಲ್ಲಿ ಆಗಲೇ ಓಡುತ್ತಿತ್ತು.

"ಅದೆಲ್ಲ ನಿಮಗೆ ಬಿಟ್ಟಿದ್ದು," ಅಂದರು ಶೇಜಿ. "ಅವರ ಮೇಕೆ ನಾಳೆ ಬೆಳಿಗ್ಗೆ ಬರುತ್ತೆ. ಹಿರಿಯರು ಮೆಚ್ಚಿದ ಹಿತ್ತಿಲಲ್ಲೇ, ಗಿಡದ ಜೊತೆಗೇ ಬೆಳೀಬೇಕು ಅಂತ ಎಲ್ಲರೂ ತೀರ್ಮಾನ ಮಾಡಿದ್ದೀವಿ. ಡಿಸೆಂಬರ್ ತನಕ ನಿಮ್ಮಲ್ಲೇ."

ಮೇಷ್ಟ್ರು ಅಜ್ಜನ ಕಡೆ ನೋಡಿದರು. ಅಜ್ಜ ಎಲುಬು ಚೀಪುವುದರಲ್ಲಿ ಮಗ್ನರಾಗಿದ್ದರು. ಹೆಂಡತಿಯನ್ನು ಒಂದು ಮಾತು ಕೇಳಬೇಕು ಎಂದು ಮೇಷ್ಟ್ರು ತಪ್ಪಿಸಿಕೊಳ್ಳಲು ನೋಡಿದರು.

ಮಾಗುಮೇಡೆ ಆಗಲೇ ಒಪ್ಪಿಯಾಗಿತ್ತು.