ಗ್ರ್ಯಾಂಡ್ ಅಂದ್ಮೇಲೆ ಗ್ರ್ಯಾಂಡಾಗಿರಬೇಕು

ಗ್ರ್ಯಾಂಡ್ ಎಂಬ ಶಬ್ದಕ್ಕೆ ನಮ್ಮ ಕಡೆ ಇರುವುದು ಒಂದೇ ಅರ್ಥ. ಮದುವೆ ಗ್ರ್ಯಾಂಡ್ ಎಂದರೆ ಎಲೆಗೆ ಮೂರು ಸಿಹಿ. ಸೀರೆ ಗ್ರ್ಯಾಂಡ್ ಎಂದರೆ ಉಟ್ಟವಳು ಕೂರಲಾಗದಷ್ಟು ಜರಿ. ಶಿರಾದ ನಮ್ಮ ಆರ್ಕೆಸ್ಟ್ರಾಗೆ ಬೆಂಗಳೂರಿನಿಂದ ಹೊಸ ಕೀಬೋರ್ಡ್ ಬಂದಾಗ ಕೆಲಸ ಕೆಟ್ಟದ್ದು ಈ ಶಬ್ದದಿಂದಲೇ. ಇಸವಿ ಎಂಬತ್ತೆಂಟು, ಡೈರಿ ನೋಡದೆ ನಾನು ಆಣೆ ಮಾಡುವವನಲ್ಲ.

ನಿಜವಾದ ಗ್ರ್ಯಾಂಡ್ ಪಿಯಾನೋವನ್ನು ನುಡಿಸಿ, ಒಂದೊಂದು ಸ್ವರವನ್ನೂ ಧ್ವನಿಮುದ್ರಿಸಿ ಆ ಕೀಬೋರ್ಡಿನೊಳಗೆ ತುಂಬಿದ್ದರಂತೆ. ಆರ್ಕೆಸ್ಟ್ರಾದ ಯಜಮಾನರು ವೀರಭದ್ರಪ್ಪನವರು ಜವಳಿ ವ್ಯಾಪಾರಿ. ನಾದವನ್ನೂ ರೇಷ್ಮೆಯ ಹಾಗೆ ತೂಕದಿಂದ ಅಳೆಯುವವರು. ಅದರ ದನಿ ಮೊದಲ ಸಲ ಕೇಳಿದವರೇ, "ಗ್ರ್ಯಾಂಡ್ ಅಂತ ಹೆಸರಿಟ್ಕಂಡು ಹಿಂಗೆ ಸೊರಗಿದ್ರೆ ಹೆಂಗೆ ಮೇಷ್ಟ್ರೇ? ಗ್ರ್ಯಾಂಡ್ ಅಂದ್ಮೇಲೆ ಗ್ರ್ಯಾಂಡಾಗಿರಬೇಕು" ಎಂದರು. ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುತ್ತ, ಬಿಡುವಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ನಾನು ಒಪ್ಪಿದೆ. ತಳದ ದನಿ, ಅಂದರೆ ಬೇಸ್, ಏರಿಸಿದೆ, ಎಕೋ ಸುರಿದೆ, ಬೆರಳೆತ್ತಿದ ಮೇಲೂ ಸ್ವರ ಎದ್ದು ಹೋಗದಂತೆ ಬಾಲ ಬೆಳೆಸಿದೆ. ಕೋಣೆಯಲ್ಲಿ ಒಬ್ಬನೇ ನುಡಿಸಿದರೆ ಅರಮನೆಯೇ ಮೊಳಗಿದಂತಿತ್ತು. ಡ್ರಮ್ಮು, ಗಿಟಾರುಗಳ ರಾಕ್ ಹಾಡು ಶುರುವಾದರೆ ಮಾತ್ರ ಪಿಯಾನೋ ಮಾಯ. ನಾನು ನುಡಿಸುತ್ತಿದ್ದೆ ಎಂಬುದಕ್ಕೆ ನೋಡಿದವರಿದ್ದರು, ಕೇಳಿದವರು ಒಬ್ಬರೂ ಇರಲಿಲ್ಲ.

ಮುಂದಿನ ವಾರ ಮಧುಗಿರಿಯಲ್ಲಿ ನಾವು ಒಪ್ಪಿಕೊಂಡಿದ್ದ ಆರತಕ್ಷತೆಯಲ್ಲೂ ಕೇಳಿಸದಿದ್ದರೆ ಆ ಪೆಟ್ಟಿಗೆಯನ್ನು ಬೆಂಗಳೂರಿಗೂ ನನ್ನನ್ನು ಪೂರ್ತಿಯಾಗಿ ಕಾಲೇಜಿಗೂ ವಾಪಸು ಕಳಿಸುವುದಾಗಿ ಯಜಮಾನರು ಹೇಳಿದರು. ಹಾಜರಿ ಕೂಗುವುದರ ಆಚೆ ನನಗಿದ್ದದ್ದು ಅದೊಂದೇ ಬದುಕು. ನಾನು ಎಕೋವನ್ನು ಇನ್ನಷ್ಟು ಹೆಚ್ಚಿಸಿದೆ.

ಛತ್ರದಲ್ಲಿ ಮೈಕ್‌ಸೆಟ್ ರಂಗಪ್ಪ ತಂತಿ ಎಳೆಯುತ್ತಿದ್ದ. ಕಳ್ಳಂಬೆಳ್ಳದವನು, ಊರೂರಿನ ನಾಟಕಕ್ಕೆ ಧ್ವನಿವರ್ಧಕ ಕಟ್ಟಿ ಕಿವಿ ಪಳಗಿಸಿಕೊಂಡವನು. ನನ್ನನ್ನು ಕೇಳದೆಯೇ ಬೇಸ್ ಇಳಿಸಿದ, ಎಕೋ ತೆಗೆಸಿದ, ಬಾಲ ಕತ್ತರಿಸಲು ಹೇಳಿದ, ಮೇಲಿನ ದನಿಯನ್ನು ಚೂಪು ಮಾಡಿದ. ಈಗ ಅದು ತಗಡಿನ ತಟ್ಟೆ ಬಡಿದಂತಿತ್ತು. ನಿಜವಾದ ಪಿಯಾನೋ ಹೀಗಿರುವುದಿಲ್ಲ, ಮೈಸೂರಿನಲ್ಲಿ ಓದುವಾಗ ಕೇಳಿದ್ದೇನೆ ಎಂದು ಗದರಿದೆ.

"ಒಂಟಿಯಾಗಿ ಕೇಳ್ಬ್ಯಾಡಿ ಮೇಷ್ಟ್ರೇ" ಎಂದ ರಂಗಪ್ಪ. "ತಳದಾಗೆ ಆಗ್ಲೇ ಡ್ರಮ್ಮು ಕುಂತೈತೆ, ಬೇಸ್ ಗಿಟಾರು ಕುಂತೈತೆ. ಇದೂ ಹೋಗಿ ಅಲ್ಲೇ ಕುಂತ್ರೆ ಯಾರಿಗೆ ಕಾಣ್ತದೆ? ಮ್ಯಾಲೆ ಜಾಗ ಖಾಲಿ ಐತೆ, ಅಲ್ಲಿ ಕುಂಡ್ರಿಸಿ."

ಹಾಡು ಶುರುವಾಯಿತು. ಅಷ್ಟು ಗದ್ದಲದ ನಡುವೆ ಒಂದೊಂದು ಸ್ವರವೂ ಗಾಜಿನ ಬಳೆಯಂತೆ ಬಿಡಿಬಿಡಿಯಾಗಿ ಕೇಳಿಸಿತು. ನನ್ನ ಎರಡು ತಪ್ಪುಗಳೂ ಸೇರಿ. ಗ್ರ್ಯಾಂಡಾದದ್ದನ್ನೆಲ್ಲ ಕಿತ್ತೆಸೆದ ಮೇಲೆ ವೀರಭದ್ರಪ್ಪನವರು ನನ್ನ ಬೆನ್ನು ತಟ್ಟಿ, "ಈಗ ಗ್ರ್ಯಾಂಡಾಯ್ತು ನೋಡಿ" ಎಂದರು. ರಂಗಪ್ಪನ ಹೆಸರು ನನ್ನ ಬಾಯಿಗೆ ಬರಲಿಲ್ಲ. ಆ ದಿನದ ಡೈರಿಗೂ ಬಂದಿಲ್ಲ: "ಪಿಯಾನೋ ಧ್ವನಿ ಸರಿಪಡಿಸಿದೆ" ಎಂದಷ್ಟೇ ಇದೆ.

ಮೊನ್ನೆ ಮೈಸೂರಿನ ದಿನಗಳ ಡೈರಿಯನ್ನೂ ತೆರೆದೆ. "ಇಂದು ಗ್ರ್ಯಾಂಡ್ ಪಿಯಾನೋ ನೋಡಿದೆ. ಬೀಗ ಹಾಕಿತ್ತು. ಮೇಲೆ ಹೂದಾನಿ ಇಟ್ಟಿದ್ದರು." ಮತ್ತೆಲ್ಲೂ ಅದರ ಸುದ್ದಿಯೇ ಇಲ್ಲ. ಆದರೂ ಅದರ ನಾದ ನನಗೆ ಈಗಲೂ ಚೆನ್ನಾಗಿ ನೆನಪಿದೆ.