ಅಜ್ಜನ ಹುಟ್ಟುಹಬ್ಬಕ್ಕೆ ಕೈಕೊಟ್ಟ ಹುಂಜರಾಯರಿಗೆ

ಕೆಂಪು ಜುಟ್ಟಿನ ಧಣಿಗಳೂ, ನಸುಕಿನ ಅಧಿಕೃತ ಘೋಷಕರೂ, ಸದ್ಯ ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆ ರಸ್ತೆಯಲ್ಲಿರುವ ನಮ್ಮ ಅಜ್ಜನ ಹಿತ್ತಲಲ್ಲಿ ಬಿದಿರು ಬುಟ್ಟಿಯಡಿ ವಾಸ್ತವ್ಯ ಹೂಡಿರುವವರೂ ಆದ ಹುಂಜರಾಯರ ಪಾದಗಳಿಗೆ, ಮುಳ್ಳುಗಳಿರುವ ಭಾಗವನ್ನು ಬಿಟ್ಟು, ಶ್ಯಾಮಲಾ ಮಾಡುವ ನಮಸ್ಕಾರಗಳು.

ಮಾನ್ಯರೇ,

ನಾನು ಸಾಗರದ ಕಚೇರಿಯೊಂದರಲ್ಲಿ ಸಾರ್ವಜನಿಕರ ದೂರುಗಳಿಗೆಲ್ಲ ‘ಪರಿಶೀಲಿಸಲಾಗುವುದು’ ಎಂದು ಉತ್ತರ ಬರೆದು ಹೊಟ್ಟೆ ಹೊರೆಯುವವಳು. ಸ್ವತಃ ದೂರು ಬರೆಯುತ್ತಿರುವುದು ಇದೇ ಮೊದಲು. ಆದ್ದರಿಂದ ಉದ್ದವಾದರೆ ತಾವು ನಡುವೆ ಎದ್ದು ಕೂಗದೆ ಕೊನೆಯವರೆಗೆ ಕೇಳಿಸಿಕೊಳ್ಳಬೇಕಾಗಿ ವಿನಂತಿ.

ನಮ್ಮ ಅಜ್ಜ ಸೀತಾರಾಮಪ್ಪನವರಿಗೆ ಕಳೆದ ಜನವರಿ ಒಂದಕ್ಕೆ ಎಂಬತ್ತು ತುಂಬಿತು. ಇದು ಆಧಾರ್ ಕಾರ್ಡಿನ ಲೆಕ್ಕ. ಆ ಲೆಕ್ಕದಲ್ಲಿ ನಮ್ಮೂರಿನ ಅರ್ಧ ಮುದುಕರು ಅದೇ ದಿನ ಹುಟ್ಟಿದ್ದಾರೆ. ಸಾಗರ, ತೀರ್ಥಹಳ್ಳಿ, ಮೇಗರವಳ್ಳಿ ಕಡೆಗಳಿಂದ ನೆಂಟರೆಲ್ಲ ಬಂದಿಳಿದರು. ಊಟಕ್ಕೆ ಪೇಟೆಯ ಬ್ರಾಯ್ಲರ್ ಬಂದಿತ್ತಾದರೂ, ಅಜ್ಜನ ಎಲೆಗೆ ಮಾತ್ರ ಕಡುಬಿನ ಜೊತೆ ನಾಟಿ ಹುಂಜದ ಸಾರೇ ಬೀಳಬೇಕೆಂದು ಚಿಕ್ಕಪ್ಪ ಮಂಜುನಾಥಪ್ಪ ಹಿಂದಿನ ದಿನವಷ್ಟೇ ತಮ್ಮನ್ನು ಹೊಸನಗರದ ವ್ಯಾಪಾರಿಯೊಬ್ಬನಿಂದ ಕೊಂಡು ತಂದಿದ್ದರು. ಹೊಸದಾಗಿ ತಂದ ಕೋಳಿ ಹಳೆಯ ಮನೆ ಮರೆಯುವವರೆಗೆ ಅದನ್ನು ಬುಟ್ಟಿಯಡಿ ಕವುಚಿಡಬೇಕು, ಇಲ್ಲದಿದ್ದರೆ ಹುಟ್ಟಿದ ಮನೆಗೇ ವಾಪಸ್ ನಡೆಯುತ್ತದೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಬುಟ್ಟಿ ಕಾಯುವ ಕೆಲಸ ನನ್ನ ಪಾಲಿಗೆ ಬಂತು, ಕೂಲಿಯಾಗಿ ತಮ್ಮದೊಂದು ಕಾಲು ನನಗೆಂದು ಮಾತಾಗಿತ್ತು. ಆ ಕಾಲಿನ ಮೇಲೆಯೇ ತಾವು ಈಗ ನಿಂತಿರುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆ ಬೆಳಗ್ಗೆ ಅಜ್ಜ ನನ್ನನ್ನು ಕರೆದು, ಹೊಸ ಶಾಲು ಹುಡುಕಿ ತರಲು ಒಳಗೆ ಕಳಿಸಿದರು. ಪೆಟ್ಟಿಗೆಯನ್ನೆಲ್ಲ ತಡಕಾಡಿ ಬರಿಗೈಯಲ್ಲಿ ಹೊರಬಂದರೆ ಶಾಲು ಅವರ ಹೆಗಲ ಮೇಲೆಯೇ ಇತ್ತು. ಇಳಿವಯಸ್ಸಿನ ಮರೆವು ಎಂದುಕೊಂಡು ಹಿತ್ತಲಿಗೆ ಬಂದರೆ ಬುಟ್ಟಿ ಮಗುಚಿ ಬಿದ್ದಿತ್ತು, ತಾವು ಕೊಯ್ದ ಗದ್ದೆಯ ಮೇಲೆ ಯಾರ ಹಂಗೂ ಇಲ್ಲದಂತೆ ನೆಟ್ಟಗೆ ನಡೆದು ಹೋಗುತ್ತಿದ್ದಿರಿ. “ಶ್ಯಾಮಲಾ ಬುಟ್ಟಿ ಬಿಟ್ಲು!” ಎಂದು ಚಿಕ್ಕಪ್ಪ ಕೂಗಿದ್ದು ಮಾಣಿ ಅಣೆಕಟ್ಟೆಯವರೆಗೆ ಕೇಳಿಸಿರಬೇಕು. ಅಂದು ಅಂಟಿದ ಆ ಹೆಸರು ಇನ್ನೂ ಹೋಗಿಲ್ಲ.

ಇಲ್ಲಿ ತಮ್ಮನ್ನು ಸ್ವಲ್ಪ ಹೊಗಳಲೇಬೇಕು. ಅಲ್ಲಿಯವರೆಗೆ ನೆಂಟರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತು, “ಯಾವಾಗ ಬಂದ್ರಿ?” “ಈಗ ಬಂದ್ವಿ” ಎಂಬಲ್ಲಿಗೆ ಮಾತು ಮುಗಿಸಿ ಮೊಬೈಲ್ ತೀಡುತ್ತಿದ್ದರು. ತಾವು ಓಡಿದ್ದೇ ತಡ, ತೀರ್ಥಹಳ್ಳಿಯ ಗೌತಮ್ ಕೇಕಿನ ಡಬ್ಬಿ ಕೆಳಗಿಟ್ಟು ಹಾರಿದ, ಮೇಗರವಳ್ಳಿ ಅತ್ತೆ ಸೀರೆ ಎತ್ತಿಕಟ್ಟಿ, “ಆಚೆ ಕಡೆಯಿಂದ ಅಡ್ಡ ಹಾಕ್ರೋ!” ಎಂದು ಸೇನಾಪತಿಯಾದರು; ನನಗೆ ಹೆಸರೂ ಗೊತ್ತಿಲ್ಲದ ತಮ್ಮಂದಿರು, ತಂಗಿಯರು ನನ್ನ ಕೈ ಹಿಡಿದೆಳೆದುಕೊಂಡು ಓಡಿದರು. ಹಳ್ಳದ ಅಂಚಿನ ಕೆಸರಲ್ಲಿ ಜಾರಿ ಒಬ್ಬರ ಮೇಲೊಬ್ಬರು ಬಿದ್ದಾಗ, ಇಷ್ಟು ವರ್ಷ ಇವರನ್ನೆಲ್ಲ ಬಿಟ್ಟು ಹೇಗಿದ್ದೆನೋ ಅನ್ನಿಸಿ ನನಗೆ ನಿಜಕ್ಕೂ ಮನಸ್ಸು ತುಂಬಿ ಬಂತು.

ಆದರೆ ತಾವು ಹಳ್ಳದ ಮೇಲಿನ ಮರದ ಕಾಲುಸಂಕ ದಾಟಿದ ಕೂಡಲೇ ಎಲ್ಲರ ನಗು ನಿಂತಿತು. ಆಚೆಯ ಮನೆ ಅಜ್ಜನ ತಂಗಿ ಯಮುನಮ್ಮಜ್ಜಿಯದು. ಹನ್ನೊಂದು ವರ್ಷದ ಹಿಂದೆ ನಮ್ಮ ಅಕ್ಕನ ಮದುವೆಗೆ ಅಜ್ಜ ಖುದ್ದಾಗಿ ಹೋಗಿ ಎಲೆ ಅಡಿಕೆ ಕೊಟ್ಟು ಕರೆಯುವ ಬದಲು ಯಾರದೋ ಕೈಯಲ್ಲಿ ಕಾರ್ಡು ಕಳಿಸಿಬಿಟ್ಟಿದ್ದರು. ಮನೆಮಗಳನ್ನು ಬಾಗಿಲಿಗೆ ಬಂದು ಕರೆಯಬೇಕೆಂಬುದು ನಮ್ಮಲ್ಲಿ ಕಾನೂನಿಗಿಂತ ದೊಡ್ಡದು. “ಕಾರ್ಡು ಕರ್ದೈತೆ, ಕಾರ್ಡಿನ ಮನೆಗೆ ಕಾರ್ಡೇ ಹೋಗಿ ಉಣ್ಲಿ” ಎಂದ ಯಮುನಮ್ಮಜ್ಜಿ ಆಮೇಲೆ ಸಂಕದ ಈಚೆಗೆ ಕಾಲಿಟ್ಟಿರಲಿಲ್ಲ. ಅಣ್ಣನೂ ಅಷ್ಟೇ ಗಟ್ಟಿ. ಈ ಬಾರಿ ನಾವು ಬುದ್ಧಿವಂತ ಮೊಮ್ಮಕ್ಕಳು ಅವರ ಮನೆಗೆ ವಾಟ್ಸಾಪಿನಲ್ಲಿ ಆಮಂತ್ರಣ ಕಳಿಸಿ ಗಾಯಕ್ಕೆ ಉಪ್ಪು ಸವರಿದ್ದೆವು. ಬೆಳಗ್ಗಿನಿಂದ ಅಂಗಳದಲ್ಲಿ ಸದ್ದಾದಾಗಲೆಲ್ಲ ಅಜ್ಜ ಕತ್ತೆತ್ತಿ, “ಯಾರು ಬಂದ್ರು?” ಎನ್ನುತ್ತಿದ್ದುದು ಯಾರಿಗಾಗಿ ಎಂದು ಎಲ್ಲರಿಗೂ ಗೊತ್ತಿತ್ತು.

ತಾವು ಮಾತ್ರ ಯಾವ ಕರೆಗೂ ಕಾಯದೆ ನೇರ ಆ ಅಂಗಳಕ್ಕೆ ಹೋಗಿ ಒರಳಿನ ಮೇಲೆ ಹತ್ತಿ ಕುಳಿತಿರಿ. ವ್ಯಾಪಾರಿ ತಮ್ಮನ್ನು ಕೊಂಡದ್ದು ಅದೇ ಮನೆಯ ಬಾಗಿಲಲ್ಲಿ ಎಂಬುದು ಚಿಕ್ಕಪ್ಪನಿಗೆ ಹೊಳೆದದ್ದು ಆಗಲೇ. ಕೆಸರು ಮೆತ್ತಿಕೊಂಡ ನಮ್ಮ ದಂಡನ್ನು ನೋಡಿ ಯಮುನಮ್ಮಜ್ಜಿ ಸೊಂಟದ ಮೇಲೆ ಕೈಯಿಟ್ಟು, “ಎಂತಕ್ಕೆ ಬಂದ್ರಿ ಎಲ್ರೂ? ಕರ್ಯಾಕಾ, ಕೋಳಿ ಹಿಡ್ಯಾಕಾ?” ಎಂದರು. ಆಗ ಊರುಗೋಲಿನ ಸದ್ದು ಕೇಳಿತು. ಅಜ್ಜ ಇಸ್ತ್ರಿ ಮಾಡಿದ ಪಂಚೆಯಲ್ಲಿ, ಶಾಲು ಹೊದ್ದು, ನಿಧಾನವಾಗಿ ಸಂಕ ದಾಟಿ ಬಂದು ಜೇಬಿನಿಂದ ಎರಡು ವೀಳ್ಯದೆಲೆ, ಒಂದು ಇಡೀ ಅಡಿಕೆ ತೆಗೆದು ತಂಗಿಯ ಮುಂದೆ ಹಿಡಿದರು.

“ಕರ್ಯಾಕೇ ಬಂದೆ ಯಮ್ನಾ. ಊಟಕ್ಕೆ ಬಾ.”

ಯಮುನಮ್ಮಜ್ಜಿ ಅಡಿಕೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಕಣ್ಣನ್ನೂ ಅದೇ ಸೆರಗಿನಲ್ಲಿ ಒರೆಸಿಕೊಂಡು, “ಇಷ್ಟ್ ವರ್ಷ ಬೇಕಾತಾ ಅಣ್ಣ, ಈ ಹಳ್ಳ ದಾಟಾಕೆ?” ಎಂದರು. ಆಮೇಲೆ ನಮ್ಮ ಕಡೆ ತಿರುಗಿ ತೀರ್ಪು ಕೊಟ್ಟರು: “ಅಣ್ಣನ್ನ ಕರ್ಕಂಬಂದ ಹುಂಜ ಇದು. ಕುಯ್ದ್ರೆ ನಾ ಬರಲ್ಲ.” ಹೀಗಾಗಿ ಅಜ್ಜ ಎಂಬತ್ತನೆಯ ಹುಟ್ಟುಹಬ್ಬಕ್ಕೆ ತಂಗಿಯ ಪಕ್ಕ ಕುಳಿತು ಬ್ರಾಯ್ಲರ್ ಸಾರಿನಲ್ಲಿ ಕಡುಬು ಅದ್ದಿಕೊಂಡು ಉಂಡರು, ನಾನು ತಮ್ಮ ಕಾಲು ಕಳೆದುಕೊಂಡೆ.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಜೀವದಾನ ಪಡೆದ ತಾವು ಅಜ್ಜನ ಹಿತ್ತಲಲ್ಲಿ ನೆಲೆಸಿ, ಸಂಜೆಯಾದರೆ ಸಾಕು ಬುಟ್ಟಿಯಿಂದ ತಪ್ಪಿಸಿಕೊಂಡು ಯಮುನಮ್ಮಜ್ಜಿಯ ಮನೆ ಸೇರುತ್ತಿದ್ದೀರಂತೆ. ತಮ್ಮನ್ನು ತರಲು ಹೋದ ಅಜ್ಜ ಅಲ್ಲಿ ಕಾಫಿ ಕುಡಿದು, ಹಳೆಯದನ್ನೆಲ್ಲ ಮಾತಾಡಿ, ಕತ್ತಲಾದ ಮೇಲೆ ತಮ್ಮನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಾರಂತೆ. ಚಿಕ್ಕಪ್ಪ ಫೋನು ಮಾಡಿದಾಗಲೆಲ್ಲ, “ನೀ ಕಲಿಸಿದ ಚಾಳಿ ಕಣೇ” ಎನ್ನುತ್ತಾರೆ. ಆದ್ದರಿಂದ ಬುಟ್ಟಿ ತೆರೆದದ್ದು ನಾನಲ್ಲವೆಂದು ತಾವು ನಾಳೆ ನಸುಕಿನಲ್ಲಿ ಊರಿಗೆಲ್ಲ ಕೇಳುವಂತೆ ಸಾರಬೇಕು. ಹಾಗೆಯೇ ಒಂದು ಸಂದೇಹ ಪರಿಹರಿಸಬೇಕು: ಹಲ್ಲಿಲ್ಲದ ನಮ್ಮ ಅಜ್ಜ ಕುಟ್ಟಿದ ಅಡಿಕೆಯನ್ನಷ್ಟೇ ಬಾಯಿಗೆ ಹಾಕುವವರು. ಕೋಳಿ ಹಿಡಿಯಲು ಹೊರಟವರ ಜೇಬಿನಲ್ಲಿ ಇಡೀ ಅಡಿಕೆ ಏಕಿತ್ತು?

ಅಂದು ಬುಟ್ಟಿಯಡಿ ಕವುಚುವಾಗ ತಾವು ಕೈಗೆ ಕುಕ್ಕಿದ ಗಾಯ ಇನ್ನೂ ಮಾಯದಿದ್ದರೂ
ತಮ್ಮ ವಿಶ್ವಾಸಿ,
ಶ್ಯಾಮಲಾ

ವಿ.ಸೂ.: ಉತ್ತರ ಕೊಡುವ ಶ್ರಮ ಬೇಡ. ಈ ಶನಿವಾರ ಊರಿಗೆ ಬಂದವಳು ಸಂಜೆ ಬಚ್ಚಲುಮನೆಯ ಮರೆಯಲ್ಲಿ ನಿಂತು ನೋಡಿದೆ. ತಾವು ಪಾಪ ಕಣ್ಣು ಮುಚ್ಚಿ ತೂಕಡಿಸುತ್ತಿದ್ದಿರಿ. ಬುಟ್ಟಿ ಎದ್ದದ್ದು ಊರುಗೋಲಿನ ತುದಿಯಿಂದ. ತಾವು ಎದ್ದು ರೆಕ್ಕೆ ಕೊಡವುವಷ್ಟರಲ್ಲಿ ಅಜ್ಜ ಚಪ್ಪಲಿ ಮೆಟ್ಟಿ ಸಂಕದ ಹತ್ತಿರ ತಲುಪಿಯಾಗಿತ್ತು. ಇನ್ನು ಮುಂದೆ ದಯವಿಟ್ಟು ಸ್ವಲ್ಪ ಬಿರಬಿರನೆ ನಡೆಯಿರಿ. ನೋಡಿದವರು, ಸೀತಾರಾಮಪ್ಪ ತಪ್ಪಿಸಿಕೊಂಡಿದ್ದಾನೆ, ಕೋಳಿ ಹುಡುಕಿಕೊಂಡು ಹೋಗುತ್ತಿದೆ ಎಂದಾರು.