ಮಾಳಿಗಿ ಮ್ಯಾಲಿನ ಭೂಮಂಡಲ

ನಕಾಶೆಯ ಒಂದು ಮೂಲೆ ಹರಿದದ್ದೇ ಎಲ್ಲಕ್ಕೂ ಕಾರಣವಾಯಿತು. ಹರಿದದ್ದು ಬಹಳವೇನಲ್ಲ, ನ್ಯೂಜಿಲೆಂಡಿನ ಕೆಳಗೆ ಒಂದು ಗೇಣು. ಆದರೆ ಹಗ್ಗ ಪೋಣಿಸುವ ತೂತೇ ಕಿತ್ತು ಹೋದದ್ದರಿಂದ ಗೋಡೆಗೆ ತೂಗುಹಾಕಿದಾಗ ಭೂಮಂಡಲ ಒಂದು ಮಗ್ಗುಲಿಗೆ ವಾಲಿ, ನ್ಯೂಜಿಲೆಂಡು ಮೂಲೆಯ ಕಸಬರಿಗೆಯನ್ನು ಮುಟ್ಟುತ್ತಿತ್ತು. ಬನಹಟ್ಟಿಯ ಲೋಕವಿಚಾರ ಸಂಘದ ಕಾರ್ಯದರ್ಶಿ ರಾವಸಾಹೇಬರು ಆ ಹನ್ನೆರಡು ಅಡಿ ಉದ್ದದ ಫ್ಲೆಕ್ಸ್ ನಕಾಶೆಯನ್ನು ಸುರುಳಿ ಸುತ್ತಿ ಮನೆಗೆ ತಂದರು. ಹೆಂಡತಿ ಕಮಲಾಬಾಯಿಯ ಹೊಲಿಗೆ ಮಷಿನ್ನಿನ ಮುಂದಿಟ್ಟು, "ಇದಕ್ಕೊಂದ ಹೊಲಿಗಿ ಹಾಕಿ ಇಡ" ಎಂದರು. ಅದು ಶಿವರಾತ್ರಿಯ ಸುಮಾರಿಗೆ. ಈಗ ಚೈತ್ರದ ಬಿಸಿಲು. ಕಾರ್ಯದರ್ಶಿಗಳು ಹೇಳಿದ್ದನ್ನು ಮರೆತು ಎರಡು ತಿಂಗಳಾಗಿತ್ತು.

ಜಗತ್ತಿನಲ್ಲಿ ಎಲ್ಲಿ ಏನು ನಡೆದಿದೆ, ಅದು ನಮಗೆ ಹೇಗೆ ತಾಗುತ್ತದೆ ಎಂಬುದನ್ನು ಊರ ಜನರಿಗೆ ತಿಳಿಸಿಕೊಡುವುದು ಸಂಘದ ಉದ್ದೇಶ. ಅರಿಶಿಣದ ವ್ಯಾಪಾರಿ ಚನಮಲ್ಲಪ್ಪನವರು ಹತ್ತು ವರ್ಷದ ಹಿಂದೆ ಪುಣ್ಯಕ್ಕೆಂದು ಕೊಟ್ಟ ಒಂದು ಖೋಲಿಯಲ್ಲಿ ಪ್ರತಿ ರವಿವಾರ ಸಂಜೆ ಐದಕ್ಕೆ ಸಭೆ. ಪುಸ್ತಕದಲ್ಲಿ ಸದಸ್ಯರು ಹನ್ನೊಂದು. ಬರುವವರು ನಾಲ್ವರು. ಆ ನಾಲ್ವರಲ್ಲಿ ಒಬ್ಬರು ಫ್ಯಾನಿನ ಗಾಳಿಗಾಗಿ ಬರುತ್ತಿದ್ದರು. ಒಮ್ಮೆ ರಾವಸಾಹೇಬರು, ಆರು ತಿಂಗಳು ಹೊತ್ತೇ ಮುಳುಗದ ಸೀಮೆಯ ಬಗ್ಗೆ ಮಾತಾಡಿದಾಗ, "ಹೊತ್ತ ಮುಳಗಿದ ಮ್ಯಾಲ ಉಣ್ಣದ ನಮ್ಮಂಥಾವ್ರು ಅಲ್ಲಿ ಹೋದ್ರ ದಿನಾ ಪೂರ್ತಿ ಉಣಬಹುದೇನು? ಮುಂದಿನ ಆರ ತಿಂಗಳ ಕತ್ತಲಿ ಬಂದ್ರ ಗತಿ ಏನು?" ಎಂದು ಜೈನ ಸದಸ್ಯರೊಬ್ಬರು ಕೇಳಿ, ಅದರ ಚರ್ಚೆ ಮೂರು ರವಿವಾರ ನಡೆದಿತ್ತು.

ನಗುವವರು ನಗಲಿ. ಏಳನೇ ಇಯತ್ತೆಗೆ ಸಾಲೆ ಬಿಟ್ಟು ಅಪ್ಪನ ನೂಲಿನ ಅಂಗಡಿಯಲ್ಲಿ ಕುಳಿತ ರಾವಸಾಹೇಬರನ್ನು, ಆ ಖೋಲಿಯೊಳಗೆ ಮಾತ್ರ ಜನ 'ಸರ್' ಎನ್ನುತ್ತಿದ್ದರು. ಹೊಸ್ತಿಲು ದಾಟಿ ಹೊರಬಂದರೆ ಮತ್ತೆ 'ನೂಲಿನ ರಾವಸಾಬ'. ಅದಕ್ಕೇ ಆ ಖೋಲಿಯ ಕೀಲಿಯನ್ನು ಅವರು ಜನಿವಾರದ ಹಾಗೆ ಮೈಗೆ ಹತ್ತಿಸಿಕೊಂಡೇ ಇರುತ್ತಿದ್ದರು.

ಅಂದು ಚತುರ್ದಶಿ, ರವಿವಾರ. ಬಸದಿಗೆ ಹೋಗಿ ಬಂದು ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗಲೇ ಚನಮಲ್ಲಪ್ಪನವರು ಗಾಡಿ ನಿಲ್ಲಿಸಿದರು.

"ರಾವಸಾಬ್ರ, ಈ ಸಲ ಅರಿಶಿಣ ಭಾಳ ಬಂದೈತಿ. ಇಡಾಕ ಜಾಗಾ ಇಲ್ಲ. ನಿಮ್ಮ ಸಂಘಾ ಹತ್ತ ವರ್ಷ ಆತು. ಊರಾಗ ಯಾರಿಗೆ ಏನ ತಿಳದೈತಿ, ಖರೆ ಹೇಳ್ರಿ?"

"ಬೀಜಾ ಬಿತ್ತೇವ್ರಿ ಸಾವಕಾರ್ರ. ಮೊಳಕಿ ಒಡ್ಯಾಕ ಹೊತ್ತ ಹತ್ತತೈತಿ."

"ಹತ್ತ ವರ್ಷ ಮೊಳಕಿ ಒಡಿಲಾರದ್ದ ಬೀಜಾ ನಾ ಎಲ್ಲೂ ಕಂಡಿಲ್ಲ. ಇವತ್ತ ನಾಕ ಗಂಟೆಕ ಬರ್ತೇನಿ. ಸದಸ್ಯರನ್ನ ಕೇಳೂದಿಲ್ಲ. ಸಿಕ್ಕವರನ್ನ ಹಿಡದ ನಿಮ್ಮ ನಕಾಶಿ ಮುಂದ ನಿಲ್ಲಸ್ತೇನಿ. ಮೂರ ಪ್ರಶ್ನಿ. ಹೇಳಿದ್ರ ನಿಮ್ಮ ಸಂಘಕ್ಕ ನಾ ಎಂದೂ ಅಡ್ಡ ಬರೂದಿಲ್ಲ. ಹೇಳಲಿಲ್ಲೋ, ಸಂಘಾ ಮುಚ್ಚಿ ಕೀಲಿ ಕೊಟ್ಟ ಬಿಡ್ರಿ."

ಗಾಡಿ ಹೋಯಿತು. ರಾವಸಾಹೇಬರ ಎದೆಯೊಳಗೆ ಒಂದು ಮಗ್ಗ ಶುರುವಾಯಿತು.

ಮಧ್ಯಾಹ್ನ ಹನ್ನೆರಡೂವರೆಗೆ ಊಟಕ್ಕೆ ಕುಳಿತರು. ಚತುರ್ದಶಿಯ ದಿನ ಅವರದು ಒಪ್ಪತ್ತು. ದಿನಕ್ಕೆ ಒಂದೇ ಊಟ, ಅದೂ ಒಮ್ಮೆ ಕುಳಿತಲ್ಲೇ. ಮಣೆಯಿಂದ ಎದ್ದರೋ, ತಾಟಿನಲ್ಲಿ ಏನೇ ಉಳಿದಿರಲಿ, ಊಟ ಮುಗಿದಂತೆಯೇ. ಮುಂದಿನ ತುತ್ತು ಮರುದಿನ ಹೊತ್ತು ಹುಟ್ಟಿದ ಮೇಲೆ. ಕಮಲಾಬಾಯಿ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿ, ಗೋಧಿ ಹುಗ್ಗಿಯ ನಡುವೆ ತಗ್ಗು ಮಾಡಿ ತುಪ್ಪ ಹಾಕಿದರು. ರಾವಸಾಹೇಬರು ಎರಡು ತುತ್ತು ಉಂಡರು. ಮೂರನೆಯದು ಕೈಯಲ್ಲಿದ್ದಾಗ ನೆನಪಾಯಿತು.

"ಏ, ಆ ನಕಾಶಿಗೆ ಹೊಲಿಗಿ ಹಾಕಿದೇನು?"

"ಅವತ್ತ ಹಾಕೇನಿ."

"ಎಲ್ಲಿ ಐತಿ?"

"ಮಾಳಿಗಿ ಮ್ಯಾಲ."

"ಮಾಳಿಗಿ ಮ್ಯಾಲ ಯಾಕ?"

"ಶಂಡಿಗಿ ಹಾಕೇವ್ರಿ ಅದರ ಮ್ಯಾಲ."

ರಾವಸಾಹೇಬರು ಚೇಳು ಕಡಿದವರಂತೆ ಎದ್ದು ನಿಂತರು.

"ಏಳಬ್ಯಾಡ್ರೀ!" ಎಂದು ಕಮಲಾಬಾಯಿ ಕೂಗಿದರು. ಕೂಗು ಬರುವಷ್ಟರಲ್ಲಿ ಎದ್ದಾಗಿತ್ತು. ಇಬ್ಬರೂ ತಾಟನ್ನು ನೋಡಿದರು. ಹುಗ್ಗಿಯ ತಗ್ಗಿನಲ್ಲಿ ತುಪ್ಪ ಇನ್ನೂ ಕರಗುತ್ತಿತ್ತು. ಮೂರನೆಯ ತುತ್ತನ್ನು ರಾವಸಾಹೇಬರು ಕಣ್ಣಿಗೊತ್ತಿಕೊಂಡು ತಾಟಿಗೇ ಬಿಟ್ಟು, ಕೈ ತೊಳೆದು ಮೆಟ್ಟಿಲು ಹತ್ತಿದರು.

ಮಾಳಿಗೆಯ ಮೇಲೆ, ನಾಲ್ಕು ಮೂಲೆಗೆ ನಾಲ್ಕು ಇಟ್ಟಂಗಿ ಹೊತ್ತು ಭೂಮಂಡಲ ಬಿಸಿಲು ಕಾಯುತ್ತ ಮಲಗಿತ್ತು. ಏಷ್ಯಾದ ತುಂಬ ಬಿಳಿಯ ಅಕ್ಕಿ ಶಂಡಿಗೆ. ಎರಡೂ ಅಮೇರಿಕಾಗಳ ಮೇಲೆ, ಆಸ್ಟ್ರೇಲಿಯಾದ ಮೇಲೆ ಸಾಬುದಾಣಿ. ಆಫ್ರಿಕಾದಲ್ಲಿ ಕೆಂಪಗೆ, ದಪ್ಪಗೆ, ಉಳ್ಳಾಗಡ್ಡಿ ಶಂಡಿಗೆ. ಎಲ್ಲವೂ ಆ ದಿನ ಮುಂಜಾನೆಯವೇ, ಹಸಿ ಹಸಿ. ಬಾಜೂಮನೆಯ ಮಾದೇವಿ ಮತ್ತು ಹಿಂದಿನ ಮನೆಯ ಸೊಸೆ ತ್ರಿಶಲಾ ನೆರಳಿಗೆ ಕುಳಿತು ಕಾಗೆ ಕಾಯುತ್ತಿದ್ದರು.

"ಅಣ್ಣಾ, ಅಲ್ಲೇ ನಿಂದರ್ರಿ!" ಮಾದೇವಿ ಕೈ ಎತ್ತಿದಳು. "ಸಮುದ್ರದಾಗ ಹಾದ ಬರ್ರಿ. ಅದು ನಡ್ಯಾಕ ಬಿಟ್ಟ ದಾರಿ."

ಕಾರ್ಯದರ್ಶಿಗಳು ಲುಂಗಿ ಎತ್ತಿ ಹಿಡಿದು ಅಟ್ಲಾಂಟಿಕ್ ಸಾಗರದಲ್ಲಿ ತುದಿಗಾಲಲ್ಲಿ ನಡೆದರು.

"ಮಾದೇವಿ, ತಂಗೀ, ಇವನ್ನೆಲ್ಲಾ ತಗೀಬೇಕವಾ. ನಾಕ ಗಂಟೆಕ ಈ ನಕಾಶಿ ಖೋಲ್ಯಾಗ ಇರಬೇಕು. ಇಲ್ಲಂದ್ರ ಸಂಘಾ ಹೋತು."

"ಹಸಿ ಶಂಡಿಗಿ ಎಬ್ಬಿಸಿದ್ರ ಹಿಟ್ಟಾಗಿ ಕೈಗೆ ಬರ್ತಾವ್ರಿ ಅಣ್ಣಾ. ನಾಳಿ ಸಂಜಿ ತನಕ ಮುಟ್ಟೂಹಂಗಿಲ್ಲ."

"ಒಂದ ಸ್ವಲ್ಪ ಸರಸಿ ನೋಡೂಣು," ಎಂದು ರಾವಸಾಹೇಬರು ಬಗ್ಗಿ, ಆಫ್ರಿಕಾದ ಬಲ ಮೂಲೆಯ ಒಂದು ಶಂಡಿಗೆಯನ್ನು ಎಬ್ಬಿಸಿದರು. ಅದು ಬೆರಳಿಗೆ ಮೆತ್ತಿಕೊಂಡಿತು. ಝಾಡಿಸಿದರು. ಹಾರಿ ಹೋಗಿ ಸೌದಿಯ ಅಕ್ಕಿ ಶಂಡಿಗೆಗಳ ನಡುವೆ ಬಿತ್ತು.

ಮೂವರು ಹೆಣ್ಣುಮಕ್ಕಳೂ ಒಮ್ಮೆಲೇ ಚೀರಿದರು. ಕಮಲಾಬಾಯಿ ಅಷ್ಟರಲ್ಲಿ ಮೇಲೆ ಬಂದಿದ್ದರು.

"ಅಲ್ರೀ, ಉಳ್ಳಾಗಡ್ಡಿ ಸುಯೆಜ್ ದಾಟಿಸಿದ್ರಲ್ಲಾ! ಅದೂ ಚತುರ್ದಶಿ ದಿನ!"

ಜೈನರ ಮನೆಯಲ್ಲಿ ಉಳ್ಳಾಗಡ್ಡಿ ಒಲ್ಲರು. ಮಾದೇವಿಯ ಮನೆಯಲ್ಲಿ ಉಳ್ಳಾಗಡ್ಡಿ ಇಲ್ಲದ ಶಂಡಿಗೆ ಶಂಡಿಗೆಯೇ ಅಲ್ಲ. ಒಂದೇ ಹಾಸಿನ ಮೇಲೆ ಎರಡೂ ಒಣಗಬೇಕೆಂದರೆ ಗಡಿ ಗಟ್ಟಿ ಇರಬೇಕು. ಎರಡು ತಿಂಗಳಿಂದ ಆ ಗಡಿಯನ್ನು ಒಂದು ಕಾಗೆಯೂ ಮೀರಿರಲಿಲ್ಲ. ದೇಶದೇಶಗಳ ಒಪ್ಪಂದಗಳ ಮೇಲೆ ಹದಿನೇಳು ಭಾಷಣ ಮಾಡಿದ್ದ ರಾವಸಾಹೇಬರು ಒಂದು ಬೆರಳಿನಿಂದ ಮೀರಿದ್ದರು.

"ಆತು, ಬಿಡ್ರಿ," ಎಂದು ಕಮಲಾಬಾಯಿ ಒಂದು ಉಸಿರು ಬಿಟ್ಟು ತೀರ್ಮಾನ ಕೊಟ್ಟರು. "ಮಾದೇವಿ, ಸೌದಿದಾಗ ಇದ್ದಾವೆಲ್ಲಾ ನೀನ ತಗೋ. ಇರಾಕದಿಂದ ಈ ಕಡಿ ನಮ್ಮವು."

"ಅಯ್ಯ ವೈನಿ, ಕೊಟ್ರ ನಾ ಒಲ್ಲೆ ಅಂತೇನೇನು!"

ರಾವಸಾಹೇಬರ ಹೊಟ್ಟೆ ಆಗಲೇ ಕೂಗತೊಡಗಿದ್ದರಿಂದ ಈ ಮಾತುಗಳು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಕೈಯ ಉಳ್ಳಾಗಡ್ಡಿ ವಾಸನೆ ಹೋಗಲೆಂದು ಮೂರು ಸಲ ಸಾಬೂನು ಹಚ್ಚಿ ತೊಳೆದುಕೊಂಡು ಬಂದರು. ಆಮೇಲೆ ಬೇಗ ಒಣಗಲೆಂದು ಬೀಸಣಿಕೆ ಹಿಡಿದು ರಷ್ಯಾಕ್ಕೆ ಗಾಳಿ ಹಾಕುತ್ತ ಕುಳಿತರು. ತ್ರಿಶಲಾ ಸೆರಗಿನಲ್ಲಿ ನಕ್ಕಳು.

ಮೂರೂವರೆಗೆ ಸಂಘದ ಅಧ್ಯಕ್ಷರು, ನಿವೃತ್ತ ಮಾಸ್ತರ ಗಿರಿಮಲ್ಲಪ್ಪನವರು, ಏದುಸಿರು ಬಿಡುತ್ತ ಬಂದರು. "ಸಾವಕಾರ್ರು ಆಗಲೇ ಬಂದ ನಿಂತಾರ್ರಿ. ನಕಾಶಿ ಎಲ್ಲಿ?"

ರಾವಸಾಹೇಬರು ಬೀಸಣಿಕೆಯಿಂದ ತೋರಿಸಿದರು. ಮಾಸ್ತರರು ಬಹಳ ಹೊತ್ತು ನೋಡಿದರು.

"ಇದು ಖೋಲಿಗೆ ಬರೂದಿಲ್ಲ," ಎಂದರು ಕೊನೆಗೆ.

"ಬರೂದಿಲ್ಲ. ಸಾವಕಾರ್ರನ್ನ ಇಲ್ಲೇ ಕರಕೊಂಡ ಬರ್ರಿ. ಆಗೂದ ಆಗಲಿ."

ಚನಮಲ್ಲಪ್ಪನವರು ದೊಡ್ಡ ಆಳು. ಒಂದೊಂದು ಮೆಟ್ಟಿಲಿಗೂ ಒಂದೊಂದು ಸಲ ಶಿವನನ್ನು ನೆನೆಯುತ್ತ ಮೇಲೆ ಬಂದರು. ನಕಾಶೆ ನೋಡಿ ಹೊಟ್ಟೆ ಕುಣಿಯುವಂತೆ ನಕ್ಕರು. "ಹತ್ತ ವರ್ಷದ ಬೆಳಿ ಇದೇನ್ರಿ? ಛಲೋ ಐತಿ. ದೂರ ಯಾಕ ಹೋಗ್ಲಿ, ಇಲ್ಲೇ ಕೇಳ್ತೇನಿ." ಅವರ ಬೆರಳು ಮಾದೇವಿಯ ಕಡೆ ತಿರುಗಿತು. "ತಂಗೀ, ಈಜಿಪ್ತ ಎಲ್ಲಿ ಐತಿ?"

ರಾವಸಾಹೇಬರು ಕಣ್ಣು ಮುಚ್ಚಿ ಮನಸ್ಸಿನಲ್ಲಿ ಣಮೋಕಾರ ಮಂತ್ರ ಶುರು ಮಾಡಿದರು.

"ಮ್ಯಾಲಿನ ಬಲ ಮೂಲಿರೀ," ಎಂದಳು ಮಾದೇವಿ ಕುಳಿತಲ್ಲಿಂದಲೇ. "ಎಡಕ್ಕ ಲಿಬಿಯಾ, ಕೆಳಗ ಸುಡಾನ. ಸುಡಾನ್ದಾಗ ಇಟ್ಟಾವು ಲಗೂ ಒಣಗೂದಿಲ್ರಿ, ನೀರಿನ ಟಾಕಿ ನೆರಳ ಬೀಳತೈತಿ."

ರಾವಸಾಹೇಬರು ಒಂದು ಕಣ್ಣು ತೆರೆದರು.

ಚನಮಲ್ಲಪ್ಪನವರ ನಗು ಸ್ವಲ್ಪ ಕಡಿಮೆಯಾಯಿತು. "ನೀ ಹೇಳವಾ, ಬ್ರೆಜಿಲ್?"

ತ್ರಿಶಲಾ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, ಕಾಲ ಬೆರಳಿನಿಂದ ತೋರಿಸಿದಳು. "ಇಲ್ಲಿಂದ ಇಲ್ಲೀ ಮಟ. ಒಳಗ ಎಂಬತ್ತ ಶಂಡಿಗಿ ಹಿಡಿತಾವ್ರಿ. ಅದರ ಬಾಜೂಕ ಚಿಲಿ ಐತ್ರಿ, ಉದ್ದಕ ಒಂದ ಸಾಲ ಅಷ್ಟ."

"ಇದು ಜಾಗಾ ತೋರಿಸೂದಾತು," ಎಂದು ಚನಮಲ್ಲಪ್ಪನವರು ಕಮಲಾಬಾಯಿಯ ಕಡೆ ತಿರುಗಿದರು. ದನಿಯೂ ಬದಲಾಗಿತ್ತು. "ಅಕ್ಕಾರ, ಇದು ಕಡೀ ಪ್ರಶ್ನಿ. ಅಲ್ಲೆಲ್ಲೋ ದೂರದಾಗ ಗದ್ದಲಾದ್ರ ನಮ್ಮ ಬನಹಟ್ಟಿಗಿ ಏನು?"

ಕಮಲಾಬಾಯಿ ಗಂಡನ ಮುಖ ನೋಡಿದರು. ಆ ಮುಖ ಒಣಗಿದ ಹಪ್ಪಳದಂತಾಗಿತ್ತು. ಮೆಲ್ಲಗೆ ಹೇಳತೊಡಗಿದರು.

"ಈ ಶಂಡಿಗಿ ಕರಿಯೂ ಎಣ್ಣಿ ಇಲ್ಲಿಂದ ಬರ್ತೈತ್ರಿ, ಇಂಡೋನೇಶಿಯಾದಿಂದ. ಅವರು ಒಮ್ಮಿ ಕಳಸೂದ ಬಂದ ಮಾಡಿದ್ರು, ಇಲ್ಲಿ ನಾವು ಕರಿಯೂದ ಬಿಟ್ಟ ಸುಟ್ಟ ತಿಂದಿವಿ. ಇಲ್ಲಿ ನೋಡ್ರಿ, ಈ ಸಣ್ಣ ಗೆರಿ. ಮಾದೇವಿಗೂ ನಮಗೂ ನಡುವಿಂದು. ಸುಯೆಜ್ ಕಾಲುವಿ. ಇದರಾಗ ಒಂದ ಹಡಗ ಅಡ್ಡ ಸಿಕ್ಕೊಂಡ ಆರ ದಿನ ಜಗತ್ತಿನ ವ್ಯಾಪಾರ ನಿಂತಿತ್ತು. ನೀವು ಯುರೋಪಕ್ಕ ಅರಿಶಿಣ ಕಳಸ್ತೀರಲ್ಲ ಸಾವಕಾರ್ರ, ಅದೂ ಇದ ಸಂದ್ಯಾಗ ಹಾದ ಹೋಗೂದು."

ಚನಮಲ್ಲಪ್ಪನವರು ಬಗ್ಗಿ ಆ ಗೆರೆಯನ್ನು ನೋಡಿದರು. ತಮ್ಮ ಅರಿಶಿಣ ಹೋಗುವ ದಾರಿಯನ್ನು ಅವರು ಕಂಡದ್ದು ಅದೇ ಮೊದಲು.

"ಇದನ್ನೆಲ್ಲಾ ಯಾರ ಕಲಿಸಿದ್ರಿ ಅಕ್ಕಾರ?"

"ಇವರ. ಪ್ರತಿ ಶನಿವಾರ ಕನ್ನಡಿ ಮುಂದ ನಿಂತ ಭಾಷಣ ಕಲೀತಾರ. ಓಣ್ಯಾಗ ಮಗ್ಗದ ಸದ್ದ ಭಾಳ್ರಿ, ಅದನ್ನ ಮೀರಿ ಒದರಬೇಕು. ನನಗ ಒಲಿ ಮುಂದ ಕೇಳತೈತಿ, ಮಾದೇವಿಗೆ ಗ್ವಾಡಿ ಆಚಿಂದ ಕೇಳತೈತಿ. ಕೇಳಿದ್ದ ದೇಶಾ ಎಲ್ಲಿ ಐತಿ ಅಂತ ಗೊತ್ತಿರಲಿಲ್ಲ. ಎರಡ ತಿಂಗಳ ಹಿಂದ ನಕಾಶಿ ಮನೀಗಿ ಬಂದ ಮ್ಯಾಲ ಗೊತ್ತಾತು."

"ಮತ್ತ ಒಂದಿನಾನೂ ಖೋಲಿಗೆ ಯಾಕ ಬರಲಿಲ್ಲ?" ಎಂದು ರಾವಸಾಹೇಬರ ಬಾಯಿಂದ ಬಂದೇಬಿಟ್ಟಿತು.

"ಐದ ಗಂಟೆಕ ಇಟ್ರ ಹೆಂಗ ಬರೂದ್ರಿ? ಹೊತ್ತ ಮುಳಗೂದ್ರಾಗ ಮನಿ ಮಂದಿ ಊಟಾ ಆಗಬೇಕು. ಬರ್ತೀಯೇನು ಅಂತ ನೀವರ ಯಾವಾಗ ಕೇಳೀರಿ?"

ರಾವಸಾಹೇಬರು ತಲೆ ತಗ್ಗಿಸಿದರು. ಆಸ್ಟ್ರೇಲಿಯಾದ ಮೇಲೆ ಒಂದು ಹನಿ ಬಿತ್ತು. ಬೆವರಿರಬಹುದು.

ಚನಮಲ್ಲಪ್ಪನವರು ಅವರ ಹೆಗಲ ಮೇಲೆ ಕೈ ಇಟ್ಟರು. ಅವರ ಕಣ್ಣೂ ಒದ್ದೆಯಾಗಿತ್ತು. "ರಾವಸಾಬ್ರ, ನಾ ತಪ್ಪ ತಿಳದಿದ್ದೆ. ಮೊಳಕಿ ಏನು, ಬೆಳೀನ ಬಂದೈತಿ. ನಿಮ್ಮ ಸಂಘಾ ಎಂದೂ ಮುಚ್ಚಬಾರದು."

ರಾವಸಾಹೇಬರಿಗೆ ಹಸಿವೇ ಮರೆತುಹೋಯಿತು. ಕೈ ಮುಗಿದರು.

"ಕೀಲಿ ಕೊಡ್ರಿ," ಎಂದರು ಚನಮಲ್ಲಪ್ಪನವರು.

"ಕೀಲಿ? ಅಲ್ರೀ ಸಾವಕಾರ್ರ, ಮೂರೂ ಹೇಳಿದ್ರಲ್ಲ!"

"ಹೇಳಿದ್ರು. ಅದಕ್ಕ ಕೇಳಾಕತ್ತೇನಿ. ಹತ್ತ ವರ್ಷ ಖೋಲ್ಯಾಗ ಕುಂತ ಯಾರೂ ಕಲಿಲಿಲ್ಲ. ಎರಡ ತಿಂಗಳ ಮಾಳಿಗಿ ಮ್ಯಾಲ ಹಾಸಿದ್ರ ಓಣಿಗೆ ಓಣೀನ ಕಲೀತು. ಮತ್ತ ಆ ಖೋಲ್ಯಾಗ ಕುಂತ ನಿಮ್ಮ ವಿದ್ಯಾ ಯಾಕ ಹಾಳ ಮಾಡ್ತೀರಿ? ಸಂಘಾ ಇಲ್ಲೇ ನಡೀಲಿ. ಅರಿಶಿಣ ಅಲ್ಲಿರಲಿ."

"ಖರೆ ಐತಿ," ಎಂದರು ಮಾಸ್ತರರು. "ಇಲ್ಲಿ ಗಾಳೀನೂ ಛಲೋ ಐತಿ. ಹೊತ್ತ ಮಾತ್ರ ಮಧ್ಯಾಹ್ನಕ್ಕ ಇಡೂಣು, ಹೆಣ್ಣಮಕ್ಕಳಿಗೆ ಅನಕೂಲ. ಭಾಷಣಾ ಕಮಲಾಬಾಯಾರು ಮಾಡಲಿ."

"ಮತ್ತ ನಾನು?"

ಮಾದೇವಿ ತನ್ನ ಕೈಯ ಕೋಲನ್ನು ಗೌರವದಿಂದ ಅವರಿಗೆ ಕೊಟ್ಟಳು. "ಕಾಗಿ ಕಾಯಾಕ ಒಬ್ರ ಬೇಕಲ್ರಿ ಸರ್."

ಮೈಗೆ ಹತ್ತಿದ್ದ ಕೀಲಿ ಹೋಯಿತು, ಕೈಗೆ ಕೋಲು ಬಂತು. 'ಸರ್' ಮಾತ್ರ ಉಳಿಯಿತು.

ಎಲ್ಲರೂ ಇಳಿದುಹೋದ ಮೇಲೆ ಹೊತ್ತು ಕೆಂಪಾಗಿ ಕೃಷ್ಣೆಯ ದಿಕ್ಕಿಗೆ ಜಾರಿತು. ಓಣಿಯ ಮನೆಗಳಿಂದ ಒಗ್ಗರಣೆಯ ವಾಸನೆ ಮೇಲೆ ಬರುತ್ತಿತ್ತು. ರಾವಸಾಹೇಬರು ಹಿಂದೂ ಮಹಾಸಾಗರದಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತು ಹೊಟ್ಟೆ ಸವರಿಕೊಂಡರು. ಕಮಲಾಬಾಯಿ ಬಂದು ಪಕ್ಕಕ್ಕೆ ಕುಳಿತರು.

"ಹುಗ್ಗಿ ನೀನರ ಉಂಡೇನು?"

"ನೀವು ಎದ್ದ ಹ್ವಾದ ಮ್ಯಾಲ ನಾ ಹೆಂಗ ಉಣ್ಲಿ? ಮಾದೇವಿ ಮನಿಗೆ ಕೊಟ್ಟೆ."

ರಾವಸಾಹೇಬರು ಕೋಲನ್ನು ಕೆಳಗಿಟ್ಟರು. ಆಮೇಲೆ ಕಮಲಾಬಾಯಿ ಕೈ ಚಾಚಿ ನಕಾಶೆಯ ಬಲತುದಿಗೆ ಬೆರಳಿಟ್ಟರು.

"ನೋಡ್ರಿ, ಜಪಾನ. ನಾಳಿ ಹೊತ್ತ ನಮಗಿಂತ ಮೊದಲ ಇಲ್ಲಿ ಹುಟ್ಟತೈತಿ. ಇಲ್ಲಿಂದ ನಮ್ಮ ಬನಹಟ್ಟಿಗಿ ಬರಾಕ ನಾಕ ತಾಸಿನ ಮ್ಯಾಲ ಬೇಕು. ಅಷ್ಟೊತ್ತಿಗೆ ರೊಟ್ಟಿ ಬಡದಿರ್ತೇನಿ. ಇಬ್ಬರೂ ಕೂಡೇ ಕುಂತ ಉಣ್ಣೂಣು. ಮಾತ್ರ ಯಾರ ಕರದ್ರೂ ಏಳಬ್ಯಾಡ್ರಿ."

"ಏಳೂದಿಲ್ಲ. ದೇವರ ಬಂದ ಕರದ್ರೂ ಏಳೂದಿಲ್ಲ."

ಕೆಳಗೆ ಓಣಿಯಿಂದ ಗಿರಿಮಲ್ಲಪ್ಪ ಮಾಸ್ತರರ ದನಿ ಬಂತು. "ಕಾರ್ಯದರ್ಶಿಗಳ! ಸಂಘದ ಬೋರ್ಡ ತಂದೇನಿ, ಎಲ್ಲಿ ಹಚ್ಚೂಣು?"

ರಾವಸಾಹೇಬರು ಥಟ್ಟನೆ ಎದ್ದು ನಿಂತರು.

"ಏಳಬ್ಯಾಡ್ರೀ!" ಎಂದು ಕಮಲಾಬಾಯಿ ಕೂಗುವಷ್ಟರಲ್ಲಿ ಅವರ ಬಲಗಾಲು ಆಸ್ಟ್ರೇಲಿಯಾದ ಮೇಲಿತ್ತು.